ಕುಸುಮಕ್ಕನ ಮೊದಲ ದಿನದ ರಕ್ತ

ರಕ್ತ ತೆಗೆಯುವಾಗ ಎಲ್ಲರೂ ಮುಖ ತಿರುಗಿಸಿಕೊಳ್ಳುತ್ತಾರೆ. ಕುಸುಮಕ್ಕ ಮಾತ್ರ ಬಳೆ ಮೇಲೆ ಸರಿಸಿ ಸೂಜಿಯನ್ನೇ ದುರುಗುಟ್ಟಿ ನೋಡುತ್ತಿದ್ದರು. "ಚುಚ್ಚು ಮಾರಾಯ್ತಿ, ನಾನೆಂತ ಓಡಿ ಹೋಗ್ತೇನಾ?"

ಮದರಾಸಿನ ವೇಲಚೇರಿಯ ನಮ್ಮ ಲ್ಯಾಬಿನಲ್ಲಿ ಎಚ್‌ಐವಿಗೆ ಹೊಸ ಮದ್ದು ಹುಡುಕುತ್ತಾರೆ, ಪಕ್ಕದಲ್ಲೇ ಕ್ಲಿನಿಕ್ಕು. ನಾನಲ್ಲಿ ಟೆಕ್ನಿಷಿಯನ್. ಉಡುಪಿ ಕಡೆಯ ಕುಸುಮಕ್ಕ ಕ್ರೋಂಪೇಟೆಯ ಒಂದು ಹೋಟೆಲಿನಲ್ಲಿ ಇಡ್ಲಿಗೆ ಹಿಟ್ಟು ರುಬ್ಬುತ್ತಿದ್ದರು. ತೀರಿಹೋದ ಗಂಡ ಬಿಟ್ಟುಹೋದ ಆಸ್ತಿ ಈ ಕಾಯಿಲೆಯೊಂದೇ. ಮೂರು ತಲೆಮಾರಿನಿಂದ ಮದರಾಸಿನಲ್ಲಿರುವ ನಮ್ಮ ಮನೆಯ ತಮಿಳು ಬೆರೆತ ಕನ್ನಡವನ್ನು ನನ್ನ ಬಾಯಲ್ಲಿ ಕೇಳಿ, "ನಿಂದು ಕನ್ನಡವಾ, ಬಿಸಿಬೇಳೆಬಾತಾ?" ಎಂದು ನಗುತ್ತಿದ್ದರು.

ಎರಡು ವರ್ಷ ಮಾತ್ರೆ ನುಂಗಿದ ಮೇಲೂ ಅವರ ರಕ್ತದಲ್ಲಿ ವೈರಸ್ಸು ಏರಿತು. ಡಾಕ್ಟರು ಫೈಲಿನಿಂದ ತಲೆಯೆತ್ತದೆ, "ಮಾತ್ರೆ ಒಳುಂಗಾ ಸಾಪ್ಪಿಡಲಿಯಾಮ್ಮಾ?" ಎಂದು ತಮಿಳಿನಲ್ಲಿ ಗದರಿ, ಮಾತ್ರೆ ಸರಿಯಾಗಿ ನುಂಗಿಲ್ಲ ಎಂದು ಅದರಲ್ಲೇ ಬರೆದರು. ಸರಿಯಾಗಿ ನುಂಗದಿದ್ದರೆ ವೈರಸ್ಸು ಮದ್ದಿಗೆ ಬಗ್ಗದಂತಾಗುತ್ತದೆ ಎಂಬುದು ನಾವೆಲ್ಲ ಕಲಿತ ಪಾಠ. ನಾನೂ ತಲೆಯಾಡಿಸಿದೆ. ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಕುಸುಮಕ್ಕ ಕುರ್ಚಿ ಬಿಟ್ಟು ಏಳಲಿಲ್ಲ. ನನ್ನತ್ತ ತಿರುಗಿ, "ಹೇಳು ಅವರಿಗೆ. ಒಂದು ದಿನವೂ ತಪ್ಪಿಸ್ಲಿಲ್ಲ ನಾನು. ಇಡ್ಲಿ ಕಲ್ಲಾದ್ರೆ ರುಬ್ಬಿದವಳಿಗೆ ಬೈದ್ರೆ ಆಯ್ತಾ? ಅಕ್ಕಿ ಎಂಥದ್ದು ಅಂತ ನೋಡ್ಬೇಡ್ವಾ? ಮೊದಲ ದಿನ ತೆಗ್ದ ರಕ್ತ ಉಂಟಲ್ಲ, ಅದನ್ನು ನೋಡ್ಲಿ" ಎಂದರು.

ಫ್ರೀಜರಿನಿಂದ ತೆಗೆದು ನೋಡಿದೆವು. ಒಂದೂ ಮಾತ್ರೆ ನುಂಗುವ ಮೊದಲೇ ಅವರ ವೈರಸ್ಸು ಆ ಮದ್ದುಗಳಿಗೆ ಬಗ್ಗದ್ದಾಗಿತ್ತು. ಗಂಡನಿಂದ ಹಾಗೆಯೇ ಬಂದಿತ್ತು. ಡಾಕ್ಟರು ಸಾರಿ ಎಂದರು. "ಸಾರಿ ಅವರೇ ಇಟ್ಕೊಳ್ಳಲಿ. ನನ್ನ ತಪ್ಪು ಅಂತ ಬರ್ದದ್ದನ್ನು ನನ್ನೆದುರೇ ಹೊಡ್ದು ಹಾಕ್ಲಿ" ಎಂದರು ಕುಸುಮಕ್ಕ. ಡಾಕ್ಟರು ಗೆರೆ ಎಳೆದು ಹೊಡೆದು ಹಾಕಿದರು.

ಉಳಿದ ಮದ್ದುಗಳೂ ಒಂದೊಂದಾಗಿ ಕೈಕೊಟ್ಟವು. ಕೊನೆಯ ಸಲ ಬಂದಾಗ ನರ ಸಿಗದಷ್ಟು ಸೊರಗಿದ್ದರು. ತಮ್ಮ ರಕ್ತವನ್ನು ಸಂಶೋಧನೆಗೆ ಕೊಡುವ ಕಾಗದಕ್ಕೆ ಸಹಿ ಹಾಕಿ ಹೇಳಿದರು: "ಬಡಪಾಯಿ ವೈರಸ್ಸನ್ನು ಕೊಂದು ಜಂಬ ಕೊಚ್ಚುವುದು ಬೇಡ. ಯಾವ ಹೊಸ ಮದ್ದಾದ್ರೂ ಮೊದಲು ನನ್ನದರ ಮೇಲೆ ಬಿಡಿ." ಆ ತಿಂಗಳೇ ಹೋದರು. ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚು ಬಂತು.

ಅಂದಿನಿಂದ ನಮ್ಮಲ್ಲಿ ಹುಟ್ಟುವ ಪ್ರತಿ ಮದ್ದೂ ಮೊದಲು ಅವರ ರಕ್ತದಿಂದ ಬೆಳೆಸಿಟ್ಟ ವೈರಸ್ಸನ್ನು ಎದುರಿಸಬೇಕು. ಎಷ್ಟೋ ಮದ್ದುಗಳು ಮಣ್ಣುಮುಕ್ಕಿದವು. ಕಳೆದ ವಾರ ಒಂದನ್ನು ಹಾಕಿ ಏಳು ದಿನ ಕಾದೆ. ವೈರಸ್ಸು ತಲೆಯೆತ್ತಲೇ ಇಲ್ಲ. ಮನುಷ್ಯರಿಗೆ ಕೊಡಲು ಇನ್ನೂ ವರ್ಷಗಳು ಬೇಕು, ಈಗಲೇ ಕುಣಿಯಬೇಡ ಎಂದರು ಡಾಕ್ಟರು. ಬೇಕಾಗಲಿ. ಕುಸುಮಕ್ಕನನ್ನು ಕೊಂದ ವೈರಸ್ಸು ಸೋತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.