ಹೋಗಬೇಡ ಎಂಬ ಹೆಸರು

‘ಈಕಿಗಿಂತ ಮೊದ್ಲು ಎಷ್ಟು ಕೂಸು ಹೋಗಿದ್ವಂತ? ಕೇಳಪ’ ಎಂದಳು ಅಮ್ಮ.

ರಾಯದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಕಣೇಕಲ್ಲಿನ ಬಸ್ಸಿಗೆ ಕಾದು ನಮಗೆ ಸಾಕಾಗಿತ್ತು. ತಿಪ್ಪಣ್ಣ ಎಂಬ ನನ್ನ ಹೆಸರನ್ನು ತರುಣ್ ಎಂದು ಬದಲಿಸಿಕೊಳ್ಳಲು ನೋಟರಿಯ ಬಳಿ ಅಫಿಡವಿಟ್ ಮಾಡಿಸಿಕೊಂಡು ಬಂದಿದ್ದೆ. ಕಾಲೇಜಿನಲ್ಲಿ ತಿಪ್ಪಣ್ಣ ಎಂದಾಗಲೆಲ್ಲ ನಕ್ಕವರನ್ನು ನಾನಿನ್ನೂ ಮರೆತಿಲ್ಲ. ಪಕ್ಕದಲ್ಲಿ ಕುಳಿತಿದ್ದ ನೈಜೀರಿಯಾದ ವಿದ್ಯಾರ್ಥಿನಿಯ ಹೆಸರು ಕೇಳು ಎಂದು ಅಮ್ಮ ಹಟ ಹಿಡಿದಿದ್ದಳು. ತನ್ನ ಹೆಸರು ಮಲೊಮೊ, ಹಾಗೆಂದರೆ ‘ಮತ್ತೆ ಹೋಗಬೇಡ’ ಎಂದು ಆ ಹುಡುಗಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಅಮ್ಮನಿಗೆ ತಿಳಿಸಿದ್ದೆ, ಅಷ್ಟೆ.

ಇಂಥದ್ದನ್ನು ಹೇಗೆ ಕೇಳುವುದೆಂದು ತಿಳಿಯದೆ ತಡವರಿಸುತ್ತಲೇ ಕೇಳಿದೆ. ಹುಡುಗಿ ಎರಡು ಬೆರಳು ತೋರಿಸಿದಳು. ಅಮ್ಮನೂ ತನ್ನ ಬೆರಳುಗಳನ್ನು ಎತ್ತಿದಳು. ಆಮೇಲೆ ನನ್ನ ಕಡೆ ಕೈ ಮಾಡಿ, ‘ಇವನ್ನ ಹುಟ್ಟಿದ ದಿನಾನ ತಿಪ್ಪಿ ಮ್ಯಾಲ ಉಳ್ಳಾಡಿಸಿ ಎತ್ಗೊಂಡೆ ನೋಡವ್ವ. ಅದಕ್ಕ ಉಳದ. ಈಗ ಹೆಸರು ಹೇಳಾಕ ನಾಚ್ಕಿ ಅಂತಾನ’ ಎಂದಳು. ನನಗಿಂತ ಮೊದಲು ಮನೆಯಲ್ಲಿ ಮಕ್ಕಳಿದ್ದರೆಂಬುದು ನನಗೆ ಗೊತ್ತಾದದ್ದೇ ಆಗ. ಆ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ನನ್ನಿಂದಾಗಲಿಲ್ಲ. ಹುಡುಗಿ ಮಾತ್ರ ಎಲ್ಲ ಅರ್ಥವಾದವಳಂತೆ ಅಮ್ಮನ ಕೈ ಹಿಡಿದುಕೊಂಡಳು.

ತಿಪ್ಪೆಯ ಮೇಲೆ ಉರುಳಿಸಿದರೆ ಕೂಸು ಉಳಿಯುತ್ತದೆಂದು ನಾನು ಈಗಲೂ ನಂಬುವುದಿಲ್ಲ. ಆದರೂ ಅಫಿಡವಿಟ್ ಇನ್ನೂ ಚೀಲದಲ್ಲೇ ಇದೆ. ಅಮ್ಮ ಎತ್ತಿದ್ದು ಮೂರು ಬೆರಳೋ ನಾಲ್ಕೋ, ಎಷ್ಟು ನೆನೆದರೂ ಖಾತ್ರಿಯಾಗುತ್ತಿಲ್ಲ. ಅಮ್ಮನನ್ನೇ ಕೇಳಲು ಬಾಯಿ ಬರುತ್ತಿಲ್ಲ.