ಒಂದೇ ಥಾನಿನ ಅಂಗಿ

ಗೋದಾಮಿನ ಬೀದೀಲಿ ಒಬ್ಬ ದರ್ಜಿ. ಮೆಟ್ಟಿಲ ಕೆಳಗೊಂದು ಗೂಡು, ಅದರಲ್ಲಿ ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಪೆಟ್ಟಿಗೆ. ಹೆಂಡತಿ ತೀರಿಹೋದಮೇಲೆ ಮಗನನ್ನ ಅಲ್ಲೇ ಸಾಕಿದ. ಮಗನ ತಲೆಗೆ ಓದು ಹತ್ತಲಿಲ್ಲ, ಸೂಜಿ ಹಿಡಿದ್ರೆ ಆಕಳಿಕೆ. ಮೀಸೆ ಚಿಗುರಿದ ಮೇಲೆ ಮೂಟೆ ಹೊರೋಕೆ ಗೋದಾಮಿಗೆ ಸೇರಿದ.

ಅಲ್ಲಿ ಹಮಾಲಿಗಳದ್ದೆಲ್ಲ ಒಂದೇ ಅಂಗಿ. ನೀಲಿ ಚೌಕಳಿ. ಎಲ್ಲರೂ ಸೇರಿ ಒಂದೇ ಥಾನು ಬಟ್ಟೆ ತರ್ತಿದ್ರು, ದರ್ಜೀನೇ ಹೊಲೀತಿದ್ದ. ಆ ಅಂಗಿ ಮೈಮೇಲಿದ್ರೆ ಅವನು ನಮ್ಮೋನು ಅಂತ ಲೆಕ್ಕ. ಲಾರೀಲಿ ಜಾಗ ಕೊಡೋರು, ಜಗಳ ಬಂದ್ರೆ ಬೆನ್ನಿಗೆ ನಿಲ್ಲೋರು. ದರ್ಜಿ ಮಗ ಮಾತ್ರ ಅಪ್ಪ ಹೊಲಿದ ಬಿಳಿ ಅಂಗೀಲಿ ಹೋಗ್ತಿದ್ದ.

"ಮದುಮಗ ಬಂದ, ಮೂಟೆ ಒರೆಸ್ರೋ," ಅಂತ ಮೇಸ್ತ್ರಿ ಕೂಗೋನು. ಎಲ್ಲರೂ ಹಲ್ಲು ಕಿರಿಯೋರು. ಊಟಕ್ಕೆ ಕೂತ್ರೆ ಅವನ ಪಕ್ಕ ಯಾರೂ ಕೂರ್ತಿರಲಿಲ್ಲ.

ಒಂದಿನ ಮಗ ಬಂದು ಯಂತ್ರದ ಪಕ್ಕ ನಿಂತ.

"ಅಪ್ಪ, ನಂಗೂ ಅದೇ ಅಂಗಿ ಬೇಕು."

"ಬಿಳೀದಕ್ಕೇನಾಗಿದೆಯೋ?"

"ಏನೂ ಆಗಿಲ್ಲ. ಅದೇ ಬೇಕು. ನಿನ್ನ ಕೈಚಳಕ ಏನೂ ತೋರಿಸ್ಬೇಡ. ಅವರದ್ದು ಹೆಂಗಿದೆಯೋ ಹಂಗೇ ಇರ್ಲಿ."

ದರ್ಜಿಗೆ ಒಳಗೊಳಗೇ ಚುರ್ ಅಂತು. ಕತ್ತರಿ ಎತ್ಕೊಂಡ.

ನೋಡೋರಿಗೆ ಆ ಅಂಗಿಗಳೆಲ್ಲ ಒಂದೇ. ಹೊಲಿದೋನಿಗೆ ಹಂಗಲ್ಲ. ಮೂಟೆ ಹೊತ್ತು ಹೊತ್ತು ಹಮಾಲಿಗೆ ಒಂದು ಭುಜ ಇಳಿದಿರುತ್ತೆ. ಆ ಕಡೆ ಬಟ್ಟೆ ಒಂಚೂರು ಇಳಿಸಿ ಕತ್ತರಿಸ್ಬೇಕು. ಎಲ್ಲರದ್ದೂ ಬಲ ಭುಜ. ಎಡಚ ಅಂತ ಕರೀತಿದ್ದ ಒಬ್ಬನದ್ದು ಮಾತ್ರ ಎಡ. ಇನ್ನು ಮಗನ ಅಂಗೀಲಿ ದರ್ಜಿ ಒಂದು ಕೆಲಸ ಮಾಡಿದ. ಜೇಬಿನ ಚೌಕಳಿಯನ್ನ ಎದೆಯ ಚೌಕಳಿಗೆ ಗೆರೆಗೆ ಗೆರೆ ಕೂಡಿಸಿದ. ಹತ್ತಿರದಿಂದ ನೋಡಿದ್ರೂ ಜೇಬು ಇದೆ ಅಂತಾನೇ ಗೊತ್ತಾಗಬಾರದು, ಹಂಗೆ. ಉಳಿದೋರಿಗೆ ಅಷ್ಟು ತಾಳ್ಮೆಯಿಂದ ಯಾರು ಹೊಲೀತಾರೆ? ಮಗನಿಗೂ ಹೇಳಲಿಲ್ಲ. ಹೇಳಿದ್ರೆ ಬಿಚ್ಚಿಸ್ತಿದ್ದ.

ಅಂಗಿ ತೊಟ್ಟು ಹೋದ ದಿನ ಮೇಸ್ತ್ರಿ ಅವನ ಬೆನ್ನಿಗೆ ಗುದ್ದಿ, "ಈಗ ಮನುಷ್ಯ ಆದೆ ಕಣೋ," ಅಂದನಂತೆ. ಮಗ ಮನೆಗೆ ಬಂದು ಅದನ್ನೇ ಹೇಳಿದ್ದೂ ಹೇಳಿದ್ದೇ. ಕೆಲಸಕ್ಕಿಳಿಯೋ ಮುಂಚೆ ಎಲ್ಲರೂ ಅಂಗಿ ಬಿಚ್ಚಿ ಒಂದೇ ಹಗ್ಗಕ್ಕೆ ಹಾಕ್ತಾರಂತೆ, ಇವನದ್ದೂ ಈಗ ಅದೇ ಹಗ್ಗದ ಮೇಲಂತೆ. ಅಷ್ಟು ನಗ್ತಾ ಅವನು ಉಂಡಿದ್ದನ್ನ ದರ್ಜಿ ಎಷ್ಟೋ ದಿನದಿಂದ ನೋಡಿರಲಿಲ್ಲ.

ಮಳೆಗಾಲ ಶುರುವಾದಾಗ, ಒಂದು ಸಂಜೆ ಸರಕು ಇಳಿಸೋಕೆ ಹಮಾಲಿಗಳನ್ನ ಹತ್ತಿಸ್ಕೊಂಡು ಗೋದಾಮಿಂದ ಹೊರಟಿದ್ದ ಲಾರಿ ಸೇತುವೆ ಹತ್ರ ಮಗುಚಿ ಬಿತ್ತು.

ದರ್ಜಿ ಆಸ್ಪತ್ರೆಗೆ ಓಡಿದ. ಪಡಸಾಲೆ ತುಂಬ ಹಮಾಲಿಗಳ ಮನೆಯೋರು. ಗಾಯ ಆದೋರೆಲ್ಲ ಒಳಗೆ, ಬಾಗಿಲು ಹಾಕಿತ್ತು. ಒಬ್ಬ ಸತ್ತಿದ್ದಾನೆ ಅಂದ್ರು. ಯಾರು ಅಂತ ಯಾರಿಗೂ ಗೊತ್ತಿಲ್ಲ. ಮುಖ ನೋಡೋ ಹಂಗಿಲ್ಲ ಅಂತ ಪೊಲೀಸಿನವನು ಒಂದು ಪ್ಲಾಸ್ಟಿಕ್ ಚೀಲ ತಂದು ಅದರಿಂದ ಅಂಗಿ ತೆಗೆದ.

ನೀಲಿ ಚೌಕಳಿ.

ಹೆಂಗಸರು ನೋಡಿದ್ರು. ಎಲ್ಲರ ಮನೆಯ ಅಂಗೀನೂ ಅದೇ. ಆಮೇಲೆ ಒಬ್ಬೊಬ್ಬರಾಗಿ ದರ್ಜಿ ಕಡೆ ತಿರುಗಿದ್ರು.

"ಹೊಲಿದೋನು ನೀನಲ್ವಾ ಮಾವ," ಅಂದಳು ಎಡಚನ ಹೆಂಡತಿ. "ನೋಡಿ ಹೇಳು."

ದರ್ಜಿ ಅಂಗಿ ಇಸ್ಕೊಂಡ. ಒದ್ದೆ ಇತ್ತು. ಮೊದಲು ನೋಡಿದ್ದು ಜೇಬು. ಗೆರೆ ಕೂಡಿಲ್ಲ. ಮಗನದ್ದಲ್ಲ. ನಿಂತಿದ್ದ ಉಸಿರು ಬಂತು. ಆಮೇಲೆ ಭುಜ ಸವರಿದ. ಎಡಗಡೆ ಇಳಿದಿತ್ತು.

"ಯಾರದು?" ಅಂದ ಪೊಲೀಸಿನವನು.

ದರ್ಜಿ ಆ ಹೆಣ್ಣುಮಗಳ ಮುಖ ನೋಡಿದ, ಅಷ್ಟೇ. ಅವಳು ಗೋಡೆ ಹಿಡ್ಕೊಂಡು ಹಂಗೇ ಕುಸಿದಳು. ದರ್ಜಿ ಪಕ್ಕ ಕೂತು ಅವಳ ತಲೆ ಮೇಲೆ ಕೈಯಿಟ್ಟ. ಎದೆ ಮಾತ್ರ ಹಗುರಾಗಿತ್ತು. ಹಗುರಾಗಿದ್ದಕ್ಕೆ ತನಗೇ ಹೇಸಿಗೆ ಅನ್ನಿಸ್ತು.

ಅಷ್ಟರಲ್ಲಿ ಒಳಗಿನ ಬಾಗಿಲು ತೆಗೀತು. ಕೈಗೆ ಪಟ್ಟಿ ಸುತ್ತಿಸ್ಕೊಂಡು ಎಡಚ ಹೊರಗೆ ಬಂದ.

"ಏನೇ ಇದು, ಸತ್ತೋರ ಮನೆ ಥರ ಅಳ್ತಿದೀಯ?"

ಹೆಂಡತಿ ಎದ್ದು ಅವನನ್ನ ತಬ್ಬಿಕೊಂಡಳು, ಬೆನ್ನಿಗೆ ಗುದ್ದಿದಳು, ಮತ್ತೆ ತಬ್ಬಿಕೊಂಡಳು. ಸುತ್ತ ಇದ್ದೋರು ದರ್ಜೀನ ಬೈದ್ರು. ವಯಸ್ಸಾಯ್ತು, ಕಣ್ಣು ಮಂಜಾಗಿದೆ ಅಂದ್ರು.

ದರ್ಜಿ ಎಡಚನ ಅಂಗೀನೇ ನೋಡ್ತಿದ್ದ. ಎಡ ಭುಜದ ಮೇಲೆ ಬಟ್ಟೆ ಮುದುಡಿ ನಿಂತಿತ್ತು, ಬಲಗಡೆ ಬಿಗೀತಿತ್ತು. ಎದೆ ಮೇಲೆ ಚೌಕಳಿ ಎಲ್ಲೂ ತುಂಡಾಗದೆ ನೆಟ್ಟಗೆ ಇಳಿದಿತ್ತು. ಜೇಬು ಕಾಣ್ತಿರಲಿಲ್ಲ.

"ಇದನ್ನ ಎಲ್ಲಿಂದ ತಗೊಂಡೆಯಪ್ಪ?"

"ಹಗ್ಗದ ಮೇಲಿಂದ. ಮಳೆ ಬಂತಲ್ಲ ಮಾವ, ಓಡಿಹೋಗಿ ಕೈಗೆ ಸಿಕ್ಕಿದ್ದು ಹಾಕ್ಕೊಂಡ್ವಿ. ಕೊನೇಗೆ ಎರಡೇ ಉಳಿದಿತ್ತು, ಒಂದು ನಾನು ತಗೊಂಡೆ, ಇನ್ನೊಂದು ನಿನ್ನ ಮಗ. ಎಲ್ಲಾ ಒಂದೇ ಅಲ್ವಾ?"

ದರ್ಜಿ ಕೈ ಚಾಚಿ ಆ ಮುದುಡಿದ ಭುಜ ಸರಿಮಾಡಿದ. ಅದು ಮತ್ತೆ ಮುದುಡ್ತು.

"ಸಾಹೇಬ್ರೆ," ಅಂದ ಪೊಲೀಸಿನವನಿಗೆ. "ಆ ಅಂಗಿ ಇವನದ್ದೇ. ಅದನ್ನ ಹಾಕ್ಕೊಂಡು ಸತ್ತೋನು ನನ್ನ ಮಗ."