ಗೇರ್ ಬಾಕ್ಸಿಗೆ ತಗುಲಿದ ದೃಷ್ಟಿ

ಮೊನ್ನೆ ಮೊಮ್ಮಗಳ ಹುಟ್ಟಿದ ದಿನ. ಸೊಸೆ ಅವಳಿಗೆ ಆರತಿ ಎತ್ತಿ, ತಟ್ಟೆಯ ಕೆಂಪು ನೀರನ್ನು ಗೇಟಿನ ಆಚೆ ಚೆಲ್ಲಿ ಒಳಗೆ ಹೋದಳು. ಹಿಂದೆಯೇ ಬಂದ ನಾನು ಸೀರೆ ಎತ್ತಿ ಸಿಕ್ಕಿಸಿ, ಮಂಡಿಯನ್ನು ಬೈದುಕೊಂಡು ಬಗ್ಗಿ, ಆ ಕೆಂಪಿಗೆ ಬೆರಳು ಅದ್ದಿ ಮೂಸಿ ನೋಡಿದೆ. ಅರಿಶಿನ, ಸುಣ್ಣ. ಬೇರೇನಿಲ್ಲ. ತಲೆ ಎತ್ತಿದರೆ ಮೊಮ್ಮಗಳು ಬಾಗಿಲಿಗೆ ಒರಗಿ ನಗುತ್ತಿದ್ದಾಳೆ. "ಗಾಡಿ ಆಯಿಲಾ ಅಜ್ಜಿ?"

ನಗಲಿ. ನಿವಾಳಿಸಿ ಚೆಲ್ಲಿದ ನೀರನ್ನು ಮುಟ್ಟಬಾರದು, ದಾಟಬಾರದು ಎಂದು ನಿಮ್ಮ ಮನೆಯಲ್ಲೂ ಹೇಳಿಕೊಟ್ಟಿರುತ್ತಾರೆ. ನಾನೂ ಅರವತ್ನಾಲ್ಕು ವರ್ಷ ಮುಟ್ಟಿರಲಿಲ್ಲ. ಮುಟ್ಟದೆ ಇದ್ದದ್ದಕ್ಕೆ ಒಂದು ಗೇರ್ ಬಾಕ್ಸ್ ಹೋಯಿತು. ಅದರ ಜೊತೆ ಇನ್ನೂ ಒಂದು ಹೋಗುವುದರಲ್ಲಿತ್ತು, ಅದು ಗುಜರಿಯಲ್ಲಿ ಸಿಗುವ ಪದಾರ್ಥವಲ್ಲ.

ನಮ್ಮ ಕಾರು ಆಗಲೇ ಮುದಿ. ಹುರಿಗಡಲೆ ಬಣ್ಣದ ಪುಟ್ಟ ಕಾರು, ತಾನೇ ಗೇರು ಹಾಕಿಕೊಳ್ಳುವಂಥದ್ದು. ಅಂಥ ಕಾರನ್ನು ನಮ್ಮ ಸರಸ್ವತಿಪುರಂನ ಒಬ್ಬ ಡಾಕ್ಟರು ಮಾರುತ್ತಿದ್ದಾರೆಂದು ನಮ್ಮೆಜಮಾನರು ಓಡಿಹೋಗಿ ತಂದರು. ಕೋರ್ಟಿನಲ್ಲಿ ಮೂವತ್ತು ವರ್ಷ ಗುಮಾಸ್ತಗಿರಿ ಮಾಡಿದವರಿಗೆ ಕ್ಲಚ್ ತುಳಿಯುವಷ್ಟು ಶಕ್ತಿ ಕಾಲಿನಲ್ಲಿ ಉಳಿದಿರಲಿಲ್ಲ. ನಾಲ್ಕು ವರ್ಷ ಓಡಿಸಿದರು, ತೀರಿಕೊಂಡರು. ಕಾರು ಧೂಳು ತಿನ್ನುತ್ತಾ ನಿಂತಿತು. ಹೆಬ್ಬಾಳದ ಫ್ಯಾಕ್ಟರಿಗೆ ಶಿಫ್ಟಿನ ಬಸ್ಸಿನಲ್ಲಿ ಹೋಗುವ ನನ್ನ ಮಗನಿಗೆ ಅದು ಬೇಕಿರಲಿಲ್ಲ. ಮಾರುವ ಮಾತು ಬಂತು. ನಾನು ಡ್ರೈವಿಂಗ್ ಸ್ಕೂಲಿಗೆ ಸೇರಿದೆ.

ಅಲ್ಲಿನ ಕಾರಿಗೆ ಕ್ಲಚ್ ಇತ್ತು. ಮೂವತ್ತು ವರ್ಷ ಮೆಸ್ಸು ನಡೆಸಿ ಟ್ಯುಟೋರಿಯಲ್ ಹುಡುಗರಿಗೆ ನಿಂತು ಬೇಯಿಸಿ ಹಾಕಿದ ನನ್ನ ಎಡಮಂಡಿ, ಒಂದೊಂದು ಸಲ ತುಳಿದಾಗಲೂ ಕಿರುಚುತ್ತಿತ್ತು. ಕಲಿಸುವವನು ಕೊನೆಗೆ ಹೇಳಿದ: "ಅಮ್ಮಾ, ನಿಮ್ಮ ಬಲಗಾಲು ಪಾಸು, ಎಡಗಾಲು ಫೇಲು." ನಾನು ಓದಿದ್ದೇ ಐದನೇ ಕ್ಲಾಸು, ಅರ್ಧ ಪಾಸಾದರೂ ನನಗೆ ದೊಡ್ಡದೇ. ಲೈಸೆನ್ಸು ಹೇಗೋ ಬಂತು. ಆದರೆ ಒಂದು ಮಾತು ಗೊತ್ತಾಯಿತು: ಲೋಕದಲ್ಲಿ ಎಷ್ಟೇ ಕಾರಿರಲಿ, ನಾನು ಓಡಿಸಬಹುದಾದದ್ದು ಕ್ಲಚ್ಚಿಲ್ಲದ ಈ ಒಂದೇ.

ಒಂಟಿಯಾಗಿ ಓಡಿಸುತ್ತಿದ್ದೆ ಎಂದುಕೊಳ್ಳಬೇಡಿ. ಎದುರುಮನೆ ಸರೋಜಮ್ಮ ಇದ್ದಳು. ಎದುರಿಗೆ ಬಹುವಚನ, ಬೆನ್ನ ಹಿಂದೆ ಏಕವಚನ, ಮೂವತ್ತು ವರ್ಷದ ನಮ್ಮ ಪದ್ಧತಿ ಅದು; ಅವಳೂ ಹಾಗೇ ಮಾಡುತ್ತಾಳೆಂದು ನಂಬಿದ್ದೇನೆ. ಮಂಗಳವಾರ ಮಾರ್ಕೆಟ್ಟು, ಸೋಮವಾರ ನಂಜನಗೂಡು. ಪಕ್ಕದ ಸೀಟಿನಲ್ಲಿ ಬ್ಯಾಗು ತೊಡೆಯ ಮೇಲಿಟ್ಟುಕೊಂಡು, ಬೆಲ್ಟು ಕೈಯಲ್ಲಿ ಹಿಡಿದುಕೊಂಡು, "ನಾಯಿ, ನಾಯಿ! ಬಲಕ್ಕೆ ಆಟೋ!" ಎನ್ನುತ್ತಾ ಕೂರುವಳು. ಹಿಂದಕ್ಕೆ ತೆಗೆಯುವಾಗ ಇಳಿದು ನಿಂತು ಕೈ ಬೀಸುವಳು: "ಬನ್ನಿ, ಬನ್ನಿ, ಬನ್ನಿ..." ಡಬ್ ಎಂದ ಮೇಲೆ "ಸಾಕು" ಎನ್ನುವಳು. ಅಷ್ಟಾದರೂ ಅವಳಿಲ್ಲದೆ ನಾನು ಹಿಂದಕ್ಕೆ ತೆಗೆದವಳಲ್ಲ.

ಸರೋಜಮ್ಮನಿಗೆ ಒಂದು ಹುಚ್ಚು, ದೃಷ್ಟಿ ತೆಗೆಯುವುದು. ಮೊಮ್ಮಗ ಸೀನಿದರೆ ದೃಷ್ಟಿ, ಸೀನದಿದ್ದರೆ ಯಾರ ಕಣ್ಣು ಬಿದ್ದು ಸೀನು ನಿಂತಿತೋ ಎಂದು ದೃಷ್ಟಿ. ಅರಿಶಿನ ಸುಣ್ಣ ಕದಡಿ ಕೆಂಪು ನೀರು ಮಾಡಿ, ನಿವಾಳಿಸಿ, ಮೂರು ದಾರಿ ಕೂಡುವ ಕಡೆ ಹೋಗಿ ಚೆಲ್ಲಿ, ಹಿಂತಿರುಗಿ ನೋಡದೆ ಬರುವಳು.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ಬಾಗಿಲಿಗೆ ನೀರು ಹಾಕಲು ಬಂದರೆ, ರಸ್ತೆಯಲ್ಲಿ ನಿಲ್ಲಿಸಿದ್ದ ನನ್ನ ಕಾರಿನ ಮುಂದಿನ ಚಕ್ರದ ಹತ್ತಿರ ಅಂಗೈಯಗಲ ಕೆಂಪು. ಹರಿದು ಬಂದು ರಂಗೋಲಿ ಹಾಕುವ ಜಾಗದಲ್ಲಿ ನಿಂತಿದೆ. ಮಾರನೆಯ ದಿನವೂ ಅದೇ. ನನಗೆ ಯೋಚನೆಯೇ ಬೇಕಾಗಲಿಲ್ಲ. ಇಡೀ ಬೀದಿಯಲ್ಲಿ ಕೆಂಪು ನೀರಿನ ಕಾರ್ಖಾನೆ ಒಂದೇ ಇರುವುದು. ಮುಟ್ಟುವ ಹಾಗಿಲ್ಲವಲ್ಲ, ದೂರ ನಿಂತು ಬಕೆಟ್ಟಿನಿಂದ ಎರಚಿ, ಸೋಪಿನ ಪುಡಿ ಉದುರಿಸಿ, ಉದ್ದ ಪೊರಕೆಯಲ್ಲಿ ಉಜ್ಜಿದೆ. ಬೇಗ ಹೋಗಲಿಲ್ಲ. ಸುಣ್ಣ ಜಾಸ್ತಿ ಸುರಿದಿದ್ದಾಳೆ ಎಂದುಕೊಂಡೆ. ನೀರಿನ ಮೇಲೆ ಬಣ್ಣಬಣ್ಣ ತೇಲುತ್ತಿತ್ತು. ಅದಕ್ಕೂ ಅವಳನ್ನೇ ಬೈದೆ.

ಎರಡು ವಾರ ತಡೆದೆ. ತಡೆಯುವುದು ನನ್ನ ಜಾಯಮಾನವಲ್ಲ. ಒಂದು ದಿನ ಅವಳ ಗೇಟಿನ ಮುಂದೆಯೇ ನಿಂತು ಅಂದೆ: "ನಿಮ್ಮ ಮನೆ ದೃಷ್ಟೀನ ನಿಮ್ಮ ಮನೆ ಮುಂದೇನೇ ಚೆಲ್ಕೊಳ್ರೀ. ನನ್ನ ಕಾರಿಗೆ ಯಾಕೆ ದಾಟಿಸ್ತೀರಿ?"

ಸರೋಜಮ್ಮನ ಕೈಯಲ್ಲಿದ್ದ ಕೊತ್ತಂಬರಿ ಕಟ್ಟು ಅಲ್ಲೇ ನಿಂತಿತು. "ನಾನಾ? ನಾನು ಮೂರು ದಾರಿಗೆ ಹೋಗಿ ಚೆಲ್ಲಿ ಬರೋಳು ಕಣ್ರೀ."

"ದಿನಾ ತೊಳೀತಿರೋಳು ನಾನು. ನನಗೆ ಹೇಳ್ತೀರಾ?"

"ನಿಮ್ಮ ಕಾರಿಗೆ ದೃಷ್ಟಿ ದಾಟಿಸೋಕೆ ಅದೇನು ಅರಮನೆ ಅಂಬಾರೀನಾ? ಮುಂದೆ ಬಂಪರ್ ಇಲ್ಲ, ಹಿಂದೆ ಲೈಟಿಲ್ಲ!"

ಹಿಂದಿನ ಲೈಟು ಒಡೆದದ್ದು ಅವಳು "ಬನ್ನಿ ಬನ್ನಿ" ಎಂದಾಗ. ಅದನ್ನೂ ಹೇಳಿದೆ. ಅಲ್ಲಿಗೆ ನಮ್ಮಿಬ್ಬರ ಮಾತುಕತೆ ನಿಂತಿತು.

ಸೋಮವಾರ ಒಬ್ಬಳೇ ನಂಜನಗೂಡಿಗೆ ಹೋದೆ. ನಾಯಿ ಎನ್ನುವವರಿಲ್ಲ, ಆಟೋ ಎನ್ನುವವರಿಲ್ಲ. ಕಾರಿನೊಳಗೆ ಅಷ್ಟು ನಿಶ್ಶಬ್ದವಿದ್ದದ್ದಕ್ಕೇ ಇರಬೇಕು, ಅದರ ಸದ್ದು ನನಗೆ ಕೇಳಿಸತೊಡಗಿತು. ಒತ್ತಿದರೆ ಕೂಗುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಆಮೇಲೆ ಏನೋ ನೆನಪಾದ ಹಾಗೆ ಜಗ್ಗಿ ನುಗ್ಗುತ್ತದೆ. ನನಗೆ ಭಯಕ್ಕಿಂತ ಸಮಾಧಾನವೇ ಹೆಚ್ಚಾಯಿತು. ನೋಡಿದಿರಾ, ದೃಷ್ಟಿ ತಗುಲಿದೆ, ನಾನು ಹೇಳಿದ್ದು ನಿಜ! ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದೆ. ದಿನಾ ಬೆಳಿಗ್ಗೆ ಕೆಂಪು ತೊಳೆದೆ. ಆಮೇಲಾಮೇಲೆ ಕೆಂಪು ಕಡಿಮೆಯಾಗುತ್ತ ಬಂತು. ಬೈದದ್ದಕ್ಕೆ ನಾಚಿಕೆ ಬಂದಿದೆ ಅವಳಿಗೆ ಎಂದುಕೊಂಡೆ. ಕಡಿಮೆಯಾದದ್ದು ಯಾಕೆಂದು ನಿಮಗೆ ಆಗಲೇ ಗೊತ್ತಾಗಿರಬೇಕು. ಕಾರಿನ ಒಳಗೆ ಅದು ಮುಗಿಯುತ್ತ ಬಂದಿತ್ತು.

ಆಷಾಢದ ಒಂದು ಮಂಗಳವಾರ ನಡು ಸರ್ಕಲ್ಲಿನಲ್ಲಿ ಕಾರು ಕೂಗಿತು, ಕೂಗಿತು, ಒಂದಂಗುಲ ಕದಲಲಿಲ್ಲ. ಹಿಂದಿನ ಬಸ್ಸಿನ ಡ್ರೈವರು ನನಗಿಂತ ಜೋರಾಗಿ ಕೂಗಿದ. ನಾಲ್ಕು ಜನ ಇಳಿದು ಪಕ್ಕಕ್ಕೆ ತಳ್ಳಿದರು.

ಮಗನಿಗೆ ಹಬ್ಬ. "ಹೊಸ ಗೇರ್ ಬಾಕ್ಸ್ ಹಾಕ್ಸೋದಕ್ಕಿಂತ ಕಾರನ್ನೇ ಗುಜರಿಗೆ ಕೊಡೋದು ವಾಸಿ ಕಣಮ್ಮ. ಆಟೋ ಕರೆದ್ರೆ ಬಾಗಿಲಿಗೆ ಬರುತ್ತೆ. ಈ ವಯಸ್ಸಲ್ಲಿ ನಿಂಗ್ಯಾಕೆ ಸ್ಟೇರಿಂಗು?"

"ಆಟೋದೋನು ನಾನು ಹೇಳ್ದಾಗ ಬರ್ತಾನೋ, ಅವನಿಗೆ ಮನಸ್ಸು ಬಂದಾಗ ಬರ್ತಾನೋ?" ಎಂದೆ. ಒಂದು ತಿಂಗಳು ವಾಯಿದೆ ಕೊಟ್ಟ. ಅಷ್ಟರೊಳಗೆ ಓಡಿದರೆ ಕಾರು ನನ್ನದು, ಇಲ್ಲದಿದ್ದರೆ ಗುಜರಿಯವನದು.

ಉದಯಗಿರಿಯ ಸಿದ್ದರಾಜು ನನ್ನ ಮೆಸ್ಸಿಗೆ ತರಕಾರಿ ತರುತ್ತಿದ್ದ ಟೆಂಪೋ ರಿಪೇರಿ ಮಾಡುತ್ತಿದ್ದವನು. ಅವನ ಗ್ಯಾರೇಜಿಗೆ ಕಾರನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಹೋದೆ. ಅಡಿಗೆ ನುಗ್ಗಿ ಮಲಗಿದವನು ಅಲ್ಲಿಂದಲೇ ಕೇಳಿದ.

"ಅವ್ವಾ, ನಿಲ್ಸಿದ್ ಜಾಗ್ದಲ್ಲಿ ಕೆಂಪ್ಗೆ ಬೀಳ್ತಿರ್ನಿಲ್ವಾ?"

"ಬೀಳ್ತಿತ್ತು."

"ಏನ್ ಮಾಡುದ್ರಿ?"

"ತೊಳೆದೆ."

ಹೊರಗೆ ಕಾಣುತ್ತಿದ್ದ ಎರಡು ಕಾಲು ಮಡಚಿಕೊಂಡವು. "ಎಷ್ಟ್ ದಿನ?"

"ಮೂರು ತಿಂಗಳು."

ಹೊರಗೆ ತೆವಳಿ ಬಂದು ಬೆರಳು ಚಾಚಿದ. ತುದಿಯಲ್ಲಿ ಅದೇ ಕೆಂಪು, ಸುಟ್ಟು ಕಂದಿದೆ. ಮೂಸಿದೆ. ಸೀದ ಒಗ್ಗರಣೆಯ ವಾಸನೆ. ಅಡುಗೆಯವಳಾಗಿ ಮೂವತ್ತು ವರ್ಷ ಕಳೆದವಳಿಗೆ ಎಣ್ಣೆ ಯಾವುದು ನೀರು ಯಾವುದು ಎಂದು ಬೇರೆಯವರು ಹೇಳಿಕೊಡಬೇಕಾಯಿತು.

"ಗೇರಿನ ಎಣ್ಣೆ ಕನವ್ವ ಇದು. ಈ ಥರ ಗಾಡೀಲಿ ಕೆಂಪ್ಗೇ ಇರದು. ಬಳೆಯಷ್ಟು ಒಂದು ರಬ್ಬರ್ ಸೀಲ್ ಹೋಗದೆ. ಆಗ್ಲೇ ಬಂದಿದ್ರೆ ಅದೊಂದ್ ಹಾಕ್ಕೊಟ್ ಕಳುಸ್ತಿದ್ದೆ. ಈಗ ಒಳ್ಗೆಲ್ಲಾ ಬೆಂದೋಗದೆ. ಒಂದಿನಾನೂ ಮುಟ್ಟಿ ನೋಡ್ನಿಲ್ವಾ?"

"ದೃಷ್ಟಿ ನೀರು ಅಂದುಕೊಂಡೆ ಕಣಪ್ಪ."

ನಗುತ್ತಾನೆಂದು ಕಾದೆ. ನಗಲಿಲ್ಲ. ತನ್ನ ಗ್ಯಾರೇಜಿನ ಬಾಗಿಲಿನ ಬೂದುಗುಂಬಳಕಾಯಿ ನೋಡಿ, "ಅಂಗಾದ್ರೆ ಯಾರ್ ತಾನೆ ಮುಟ್ಟಾರು ಬುಡಿ" ಎಂದ.

ಇಂಥದ್ದೇ ಕಾರೊಂದು ಹಿಂದಿನಿಂದ ಗುದ್ದಿಸಿಕೊಂಡು ಸೇಲಂ ಕಡೆಯ ಗುಜರಿಯಲ್ಲಿ ಬಿದ್ದಿದೆ, ಅದರ ಗೇರ್ ಬಾಕ್ಸ್ ತರಿಸುತ್ತೇನೆ ಎಂದ. ಬರಲು ಮೂರು ವಾರ. ಆ ಮೂರು ವಾರ ನನಗೆ ದಿನಾ ಬೆಳಿಗ್ಗೆ ತೊಳೆಯಲು ಏನೂ ಇರಲಿಲ್ಲ. ಎದುರಿಗೆ ಸರೋಜಮ್ಮ ಅವಳ ಬಾಗಿಲು ತೊಳೆಯುತ್ತಿದ್ದಳು. ತಪ್ಪು ನನ್ನದೆಂದು ನನಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಹೇಳಲು ಹತ್ತು ಹೆಜ್ಜೆ. ಕಾರು ಸರಿಯಾಗಲಿ, ಅದರಲ್ಲೇ ಕೂರಿಸಿಕೊಂಡು ಹೋದರೆ ಮುಗಿಯಿತು, ಹೇಳುವುದೇನು ಬಂತು, ಎಂದು ದಿನ ತಳ್ಳಿದೆ. ನಾನು ಜೀವಮಾನದಲ್ಲಿ ತಪ್ಪಾಯಿತು ಎಂದವಳಲ್ಲ. ಹುಡುಗರಿಗೆ ಉಪ್ಪಿಲ್ಲದ ಸಾರು ಬಡಿಸಿ "ಬಿಸಿಲು ಜಾಸ್ತಿ, ಉಪ್ಪು ಒಳ್ಳೇದಲ್ಲ" ಎಂದವಳು.

ಗೋಣಿಚೀಲದಲ್ಲಿ ಸುತ್ತಿಕೊಂಡು ಗೇರ್ ಬಾಕ್ಸ್ ಬಂತು. ನಾನು ಸ್ಟೂಲು ಹಾಕಿಕೊಂಡು ಎರಡು ದಿನ ಕೂತು ನೋಡಿದೆ. ಚಕ್ರ ಬಿಚ್ಚಿದರು, ಎಂಜಿನ್ನನ್ನು ಮೇಲಿನಿಂದ ಸರಪಳಿಯಲ್ಲಿ ತೂಗುಹಾಕಿದರು, ಹಳೆಯದನ್ನು ಜಾಕಿನ ಮೇಲೆ ಇಳಿಸಿದರು. ಹೊಸದರ ಬಾಯಿಗೆ ಬಾಣಲೆಯಂಥ ಒಂದು ಉಬ್ಬು ಚಕ್ರ ಕೂರಬೇಕು. ಸಿದ್ದರಾಜು ಅದನ್ನು ಎರಡು ಕೈಯಲ್ಲಿ ಅಪ್ಪಿ ಹಿಡಿದು, ಒತ್ತಿ, ತಿರುಗಿಸಿ, ಕಿವಿಗೊಟ್ಟು ಕೇಳಿದ. ಮಿಕ್ಸಿ ಜಾರು ಕೂರಿಸುವಾಗ ಕೇಳುವ ಹಾಗೆ. ಟಕ್. ಟಕ್. ಜಾಕಿನಲ್ಲಿ ಎತ್ತಿ ಎಂಜಿನ್ನಿಗೆ ಜೋಡಿಸಿದರೆ ನಡುವೆ ಒಂದು ಬೆರಳು ಸಂದು ಉಳಿಯಿತು.

ಸಿದ್ದರಾಜು ಹಣೆ ಒರೆಸಿಕೊಂಡ. "ಎರಡೇ ಸಲ ಕೂತದೆ. ಮೂರ್ ಸಲ ಕೂರ್ಬೇಕು. ಇಳ್ಸಿ."

ಅರ್ಧ ದಿನದ ಕೆಲಸ ಇಳಿಸುವುದೆಂದರೆ! ನಾನು ಬಾಯಿ ಹಾಕಿದೆ. "ಅಷ್ಟು ಉದ್ದದ ಬೋಲ್ಟು ಇದಾವಲ್ಲೋ, ಬಿಗಿಯಾಗಿ ಎಳೆದರೆ ತಾನೇ ಕೂರಲ್ವಾ?"

"ಕೂರ್ತದೆ ಕನವ್ವ. ಒಳ್ಗೆ ಒಡ್ಕಂಡು ಕೂರ್ತದೆ. ಹೊರಗ್ ನೋಡುದ್ರೆ ಏನೂ ತಿಳಿಯಾಕಿಲ್ಲ."

ಇಳಿಸಿದರು. ಮತ್ತೆ ಅಪ್ಪಿ ಹಿಡಿದು ತಿರುಗಿಸಿದ. ಟಕ್. ಟಕ್. ತುಂಬಾ ಹೊತ್ತು ಏನೂ ಇಲ್ಲ. ಆಮೇಲೆ ಟಕ್.

ಹೊಸ ಎಣ್ಣೆ ಹುಯ್ಯುವಾಗ ಎದ್ದುಹೋಗಿ ನೋಡಿದೆ. ಥೇಟ್ ಆರತಿ ನೀರು. ನಾನು ಪೂರ್ತಿ ದಡ್ಡಿಯಲ್ಲ ಎಂದು ಅಷ್ಟು ನೆಮ್ಮದಿಯಾಯಿತು. ಸಿದ್ದರಾಜು ಸ್ಟಾರ್ಟ್ ಮಾಡಿ, ಗೇರಿನ ಹಿಡಿಯನ್ನು ಒಂದೊಂದು ಮನೆಗೂ ಹಾಕಿ ತೆಗೆದು, ಇಳಿದು ನನ್ನನ್ನು ಕೂರಿಸಿ, "ಹಿಂದಕ್ ತಗೀರಿ" ಎಂದ. ಕೂಗದೆ, ಜಗ್ಗದೆ, ಬೆಣ್ಣೆಯ ಹಾಗೆ ಸರಿಯಿತು. ಹಿಂದೆ ಯಾರೂ "ಬನ್ನಿ" ಎನ್ನಲಿಲ್ಲ. ಅವನ ಪೀಪಾಯಿಗೆ ಡಬ್ ಎಂದಾಗ ನಿಲ್ಲಿಸಿದೆ.

ಮನೆಗೆ ಹೊರಡುವ ಮುಂಚೆ ಒಂದು ಸಣ್ಣ ಬಾಟಲಿಯಲ್ಲಿ ಎಣ್ಣೆ ಕೇಳಿ ತೆಗೆದುಕೊಂಡೆ. ಕಾರನ್ನು ನಮ್ಮ ಗೇಟಿನ ಮುಂದೆ ನಿಲ್ಲಿಸಿ, ಒಳಗೆ ಹೋಗದೆ, ನೇರ ಎದುರುಮನೆ ಜಗುಲಿ ಹತ್ತಿದೆ. ಸರೋಜಮ್ಮ ಅಲಸಂದೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. ಬಾಟಲಿಯನ್ನು ಮೊರದ ಪಕ್ಕ ಇಟ್ಟೆ.

"ಮೂಸಿ ನೋಡಿ."

"ಏನ್ರೀ ಇದು, ಕಾಲು ನೋವಿನ ಎಣ್ಣೇನಾ?"

"ನನ್ನ ಕಾರಿಂದು. ಬೀಳ್ತಿದ್ದದ್ದು ಇದೇ. ನೀವು ಚೆಲ್ಲಿದ್ದಲ್ಲ." ಆಮೇಲೆ, ನನ್ನೊಳಗೂ ಮೂರನೆಯ ಟಕ್ ಬರುವವರೆಗೂ ನಿಂತು, ಅಂದೆ: "ತಪ್ಪಾಯ್ತು."

ಅವಳು ಬಾಟಲಿ ತಿರುಗಿಸಿ ನೋಡಿದಳು. "ಅಲ್ರೀ, ನಿಮಗೆ ಅನುಮಾನ ಬೇಡ ಅಂತ ನಾನು ಈ ಮೂರು ದಾರಿ ಬಿಟ್ಟು, ಉಬ್ಬಸ ಕಟ್ಕೊಂಡು, ಪಾರ್ಕ್ ದಾಟಿ ಆ ಕಡೆ ಮೂರು ದಾರಿಗೆ ಹೋಗಿ ಚೆಲ್ಲಿ ಬರ್ತಿದೀನಲ್ರೀ! ಎಲ್ಲಾ ಎಣ್ಣೇನೇನಾ?"

"ಎಲ್ಲಾ ಎಣ್ಣೆ."

ಒಂದು ಅಲಸಂದೆಕಾಯಿ ಸುಲಿದಳು. ಇನ್ನೊಂದು ಸುಲಿದಳು. "ಒಂದು ಬಿಟ್ಟು."

"ಏನು ಒಂದು ಬಿಟ್ಟು?"

"ಒಂದಿನದ್ದು ನಂದೇ ಕಣ್ರೀ. ನೀವು ಬೈದ ಮಾರನೇ ಮಂಗಳವಾರ. ಹೆಂಗೂ ಅನ್ನಿಸ್ಕೊಂಡಾಗಿದೆ, ಅನ್ನಿಸ್ಕೊಂಡಿದ್ದು ಯಾಕೆ ದಂಡವಾಗ್ಬೇಕು ಅಂತ ನಿಮ್ಮ ಮುಂದಿನ ಚಕ್ರಕ್ಕೇ ಸುರಿದೆ."

ಆ ಮಂಗಳವಾರದ ಕೆಂಪನ್ನೂ ನಾನು ತೊಳೆದಿದ್ದೆ, ಅದೇ ಸೋಪಿನ ಪುಡಿ, ಅದೇ ಪೊರಕೆ, ಅದೇ ಬೈಗುಳ. ವ್ಯತ್ಯಾಸವೇ ಗೊತ್ತಾಗಿರಲಿಲ್ಲ. "ಏಳಿ," ಎಂದೆ, "ಹಿಂದೆ ನಿಂತ್ಕೊಳ್ಳಿ, ಕಾರು ಒಳಗೆ ಹಾಕ್ಬೇಕು." ಎದ್ದಳು. ಗೇಟಿನ ಕಂಬಕ್ಕೆ ಡಬ್ ಎಂದ ಮೇಲೆ "ಸಾಕು" ಎಂದಳು. ಮಗ ಮಹಡಿಯಿಂದ ನೋಡಿ ಕಿಟಕಿ ಹಾಕಿಕೊಂಡ.

ಆ ಗೇರ್ ಬಾಕ್ಸ್ ಇವತ್ತಿಗೂ ಓಡುತ್ತಿದೆ. ಸಿದ್ದರಾಜು ಹೇಳಿದ ಹಾಗೆ ಕಾರಿನ ಅಡಿಗೆ ರಟ್ಟು ಹಾಸಿ, ಬೆಳಿಗ್ಗೆ ಎದ್ದು ಮುಟ್ಟಿ ನೋಡುತ್ತೇನೆ. ಅದೇ ಕೈ ಈಗ ಆರತಿಗೂ ಹೋಗುತ್ತದೆ.

ಮೊನ್ನೆಯೂ ಬೆರಳು ಉಜ್ಜಿ ನೋಡುತ್ತಾ ನಿಂತಿದ್ದಾಗ, ಎದುರು ಗೇಟಿನಿಂದ ಸರೋಜಮ್ಮ ಕೂಗಿದಳು. ಬ್ಯಾಗು ಆಗಲೇ ಹೆಗಲಿನಲ್ಲಿತ್ತು, ಸೋಮವಾರ.

"ಎಣ್ಣೆಯೋ, ನೀರೋ?"

"ನೀರು."

"ನೀರೇ ಆದ್ರೂ ಇದು ನಂದಲ್ಲ ಕಣ್ರೀ."

"ನಿಮ್ಮದಾದ್ರೂ ತೊಳೆಯೋಳು ನಾನೇ. ಬನ್ನಿ, ಹೊತ್ತಾಯ್ತು."

ಸೀನಿಗೂ ದೃಷ್ಟಿ ತೆಗೆಯುವ ಹೆಂಗಸು, ಸೀರೆಯ ನಿರಿಗೆ ಒಂದು ಕೈಯಲ್ಲಿ ಎತ್ತಿಕೊಂಡು, ಆ ಕೆಂಪು ನೀರನ್ನು ದಾಟಿಕೊಂಡೇ ಬಂದು ಕಾರಿನ ಹಿಂದೆ ನಿಂತಳು.